ಬೆಂಗಳೂರಿನಲ್ಲಿ ಸಸ್ಟೈನಬಿಲಿಟಿ ಓದಬೇಕು ಅಂದರೆ ಎಲ್ಲಿ? ಒಂದು ಹೋಲಿಕೆ

ಸಸ್ಟೈನಬಿಲಿಟಿ, ಅಂದರೆ ನೆಲ, ನೀರು, ಕಾಡು ಮುಂದಿನವರಿಗೂ ಉಳಿಯುವ ಹಾಗೆ ಬಳಸುವುದು, ಅಂತ ಹೆಸರಿಟ್ಟುಕೊಂಡ ಕೋರ್ಸುಗಳು ಈಗ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಎಂಎಸ್ಸಿ ಇದೆ, ಎಂಎ ಇದೆ, ಎಂಬಿಎ ಜೊತೆಗೆ ಅಂಟಿಸಿದ್ದೂ ಇದೆ, ವಾರದ ಕೊನೆಯಲ್ಲಿ ಆನ್‌ಲೈನಲ್ಲೇ ಮುಗಿಯುವ ಸರ್ಟಿಫಿಕೇಟೂ ಇದೆ. ಬ್ರೋಶರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಎಲ್ಲ ಒಂದೇ ಥರ ಕಾಣುತ್ತವೆ: ಹಸಿರು ಎಲೆ, ಸೋಲಾರ್ ಪ್ಯಾನೆಲ್, ನಗುತ್ತಿರುವ ನಾಲ್ಕು ಹುಡುಗ ಹುಡುಗಿಯರು, ಕೆಳಗೆ 'ಅಂತರಶಿಸ್ತೀಯ', ಅಂದರೆ ಹಲವು ವಿಷಯ ಬೆರೆಸಿದ್ದು, ಅನ್ನುವ ಮಾತು. ಸೇರಿದ ಮೇಲೆ ಗೊತ್ತಾಗುತ್ತದೆ ವ್ಯತ್ಯಾಸ. ಒಂದು ಕಡೆ ನೀವು ಎರಡು ವರ್ಷ ಲ್ಯಾಬಿನಲ್ಲಿ ನೀರಿನ ಸ್ಯಾಂಪಲ್ ಹಿಡಿದು ಕೂರುತ್ತೀರಿ, ಇನ್ನೊಂದು ಕಡೆ ಅದೇ ಎರಡು ವರ್ಷ ಯಾವುದೋ ಹಳ್ಳಿಯ ಜಗಲಿ ಮೇಲೆ ಕೂತು ಜನರ ಮಾತು ಬರೆದುಕೊಳ್ಳುತ್ತೀರಿ, ಮತ್ತೊಂದು ಕಡೆ ಎಕ್ಸೆಲ್ ಶೀಟಿನಿಂದ ತಲೆಯೇ ಎತ್ತುವುದಿಲ್ಲ.

ಡಿಗ್ರಿ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಹತ್ತಿರ ಪ್ರತಿ ವರ್ಷ ಮೇ, ಜೂನ್ ಹೊತ್ತಿಗೆ ಹುಡುಗರು ಈ ಬ್ರೋಶರು ಹಿಡಿದುಕೊಂಡು ಬರುತ್ತಾರೆ. ಕೆಲವರು ಅಪ್ಪ ಅಮ್ಮನನ್ನೂ ಕರೆತರುತ್ತಾರೆ. ರ್‍ಯಾಂಕಿಂಗ್ ಕೇಳುತ್ತಾರೆ, ಪ್ಲೇಸ್‌ಮೆಂಟ್ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಅಲ್ಲಿ ಬೇರೆ ಬೇರೆ ವಿಷಯದ ಇಬ್ಬರು ಮೇಷ್ಟ್ರು ಒಟ್ಟಿಗೆ ಕೂತು ಒಬ್ಬ ವಿದ್ಯಾರ್ಥಿಯ ಕೆಲಸ ತಿದ್ದುತ್ತಾರಾ? ಒಬ್ಬರು ಕೆಮಿಸ್ಟ್ರಿ, ಇನ್ನೊಬ್ಬರು ಸೋಷಿಯಾಲಜಿ ಅಂತಿಟ್ಟುಕೊಳ್ಳಿ. ಸೋಮವಾರ ಕೆಮಿಸ್ಟ್ರಿ, ಮಂಗಳವಾರ ಸೋಷಿಯಾಲಜಿ, ಬುಧವಾರ ಎಕನಾಮಿಕ್ಸ್ ಅಂತ ಟೈಮ್‌ಟೇಬಲ್ ಹಾಕಿಬಿಟ್ಟರೆ ವಿಷಯಗಳು ಸೇರಿದ ಹಾಗಾಗಲ್ಲ. ಸೇರಿಸುವ ಕಷ್ಟವನ್ನೆಲ್ಲ ಇಪ್ಪತ್ತೊಂದು ವರ್ಷದ ಹುಡುಗಿಯ ತಲೆಗೆ ಕಟ್ಟಿದ ಹಾಗಾಗುತ್ತದೆ ಅಷ್ಟೇ. ಮುಂದೆ ಬರುವ ಹೋಲಿಕೆಯೆಲ್ಲ ಮುಖ್ಯವಾಗಿ ಈ ಅಳತೆಯಲ್ಲೇ ಇದೆ. ಫೀಸು, ಎಂಟ್ರೆನ್ಸು, ಕೆಲಸ, ಇವೂ ಮಧ್ಯೆ ಮಧ್ಯೆ ಬರುತ್ತವೆ.

ಮೊದಲು ಒಂದು ಕೆರೆ ನೋಡೋಣ

ಯಾಕೆ ಒಂದು ವಿಷಯ ಸಾಲಲ್ಲ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಜಕ್ಕೂರು ಕೆರೆ ಸಾಕು. ಕೆರೆಯ ಮೇಲ್ಗಡೆ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಅಲ್ಲಿಂದ ಬಿಟ್ಟ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹರಿದು, ಅಲ್ಲಿ ಇನ್ನಷ್ಟು ಸೋಸಿಕೊಂಡು, ಆಮೇಲೆ ಕೆರೆ ಸೇರುತ್ತದೆ. ಕೆರೆಯಿಂದ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ನೀರು ಇಂಗುತ್ತದೆ. ಮೀನು ಹಿಡಿಯುವವರಿದ್ದಾರೆ. ದನಕ್ಕೆ ಹುಲ್ಲು ಕೊಯ್ದುಕೊಂಡು ಹೋಗುವ ಹೆಂಗಸರಿದ್ದಾರೆ. ಬೆಳಿಗ್ಗೆ ಶೂ ಹಾಕಿಕೊಂಡು ವಾಕಿಂಗ್ ಬರುವ ಅಪಾರ್ಟ್‌ಮೆಂಟಿನವರಂತೂ ಇದ್ದೇ ಇದ್ದಾರೆ.

ಈಗ ಈ ಕೆರೆ ಚೆನ್ನಾಗಿದೆಯಾ ಅಂತ ಯಾರನ್ನು ಕೇಳುತ್ತೀರಿ? ನೀರಲ್ಲಿ ನೈಟ್ರೇಟು, ಫಾಸ್ಫೇಟು ಎಷ್ಟಿದೆ ಅನ್ನುವುದು ಕೆಮಿಸ್ಟ್ರಿಯವರಿಗೆ ಗೊತ್ತು. ಜೊಂಡು ಎಷ್ಟನ್ನು ಹೀರಿಕೊಳ್ಳುತ್ತದೆ, ಅದನ್ನು ಯಾವಾಗ ಕೊಯ್ಯಬೇಕು ಅನ್ನುವುದು ಸಸ್ಯ, ಜೀವಿಗಳನ್ನು ಓದಿದವರ ಕೆಲಸ. ಎಷ್ಟು ನೀರು ಇಂಗಿತು ಅಂತ ಹೈಡ್ರಾಲಜಿಯವರು ಲೆಕ್ಕ ಹಾಕಬೇಕು. ಕೆರೆ ಸುತ್ತ ಬೇಲಿ ಹಾಕಿ ಗೇಟಿಗೆ ಬೀಗ ಜಡಿದರೆ ಹುಲ್ಲು ಕೊಯ್ಯುವವಳು ಎಲ್ಲಿಗೆ ಹೋಗಬೇಕು ಅಂತ ಕೇಳಲು ಸಮಾಜಶಾಸ್ತ್ರ ಬೇಕು. ರಾಜಕಾಲುವೆ ಒತ್ತುವರಿಗೆ ಕಾನೂನು ಬೇಕು. ಶುದ್ಧೀಕರಣ ಘಟಕದ ಕರೆಂಟ್ ಬಿಲ್ಲಿಗೆ ಎಕನಾಮಿಕ್ಸ್ ಬೇಕು. ಕೆಮಿಸ್ಟ್ರಿಯವರ ರಿಪೋರ್ಟಿನಲ್ಲಿ ಕೆರೆ ಸುಧಾರಿಸಿದೆ ಅಂತ ಬಂದ ದಿನವೇ ಹುಲ್ಲು ಕೊಯ್ಯುವವಳ ಲೆಕ್ಕದಲ್ಲಿ ಕೆರೆ ಕೈ ತಪ್ಪಿರಬಹುದು. ಎರಡೂ ನಿಜ. ಈ ಎರಡು ನಿಜವನ್ನು ಒಂದೇ ಪುಟದಲ್ಲಿ ಬರೆಯಲು ಯಾವ ಕೋರ್ಸು ಕಲಿಸುತ್ತದೋ ಅದು ಒಳ್ಳೆಯ ಕೋರ್ಸು.

ಇದೇ ಮಾತನ್ನು ದೊಡ್ಡದು ಮಾಡಿ ನೋಡಬೇಕೆಂದರೆ ಕೆ.ಸಿ. ವ್ಯಾಲಿ ಯೋಜನೆ ಇದೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆಯ ಅಳತೆ ದಿನಕ್ಕೆ 440 ದಶಲಕ್ಷ ಲೀಟರ್. ಬತ್ತಿದ್ದ ಕೆರೆ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ಹಂತ ಶುದ್ಧ ಮಾಡಿ ಕೊಡಿ ಅಂತ ಅಲ್ಲಿನ ಜನ ಕೇಳುತ್ತಿರುವುದೂ ಕಿವಿಗೆ ಬೀಳುತ್ತದೆ. ಇದರ ಮೇಲೆ ಥೀಸಿಸ್ ಬರೆಯಲು ಹೊರಟರೆ ನಿಮ್ಮ ಗೈಡ್ ಒಬ್ಬರೇ ಸಾಕಾಗುತ್ತಾರಾ? ಸಾಧ್ಯವೇ ಇಲ್ಲ.

ಐಐಎಸ್‌ಸಿ: ವಿಜ್ಞಾನ ಗಟ್ಟಿ ಇದ್ದವರಿಗೆ

ನಮ್ಮ ಜನ ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿಷಯ ಶುರುವಾಗಿ ಐವತ್ತು ವರ್ಷ ಆಯಿತು. 1974ರಲ್ಲಿ ಅಲ್ಲಿ 'ಆಸ್ತ್ರ' ಅಂತ ಒಂದು ಗುಂಪು ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನ, ತಂತ್ರಜ್ಞಾನ ಮಾಡುವುದು ಅದರ ಕೆಲಸ. ಮುಂದೆ ನಿಂತವರು ಎ.ಕೆ.ಎನ್. ರೆಡ್ಡಿ. ಅವರು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಜಗತ್ತಿಗೇ ಗೊತ್ತಿದ್ದ ಹೆಸರು. ಅಂಥವರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ, ಮನೆಗೆ ದಿನಕ್ಕೆ ಎಷ್ಟು ಸೌದೆ ಬೇಕು, ಅದನ್ನು ತರುವವರು ಯಾರು, ಎಷ್ಟು ಹೊತ್ತು ನಡೆಯುತ್ತಾರೆ ಅಂತ ಲೆಕ್ಕ ಹಾಕಲು ಕೂತರು. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಒಲೆಗೇ ಹೋಗುತ್ತದೆ, ಅದನ್ನು ಹೊರುವವರು ಹೆಂಗಸರು, ಮಕ್ಕಳು ಅಂತ ಲೆಕ್ಕದಲ್ಲೇ ತೋರಿಸಿದರು.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕತೆ ಇನ್ನೂ ಚೆಂದ. ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಮಾಡಿ ಅಡುಗೆಗೆ ಕೊಡೋಣ ಅಂತ ಮೊದಲ ಯೋಚನೆ. ಅಷ್ಟು ಗ್ಯಾಸ್ ಸಾಲಲಿಲ್ಲ. ಊರವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು ಮತ್ತು ದೀಪ. ಕೊನೆಗೆ 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ, ಕರೆಂಟ್ ತೆಗೆದು, ನೀರೆತ್ತಿ ಮನೆಮನೆಗೆ ನಲ್ಲಿ, ದೀಪ ಕೊಟ್ಟರು. ಸಗಣಿ ಕೊಟ್ಟವರಿಗೆ ಗೊಬ್ಬರ ವಾಪಸ್. ಎಂಜಿನಿಯರಿಂಗ್ ಬದಲಾಗಿದ್ದು ಊರವರ ಮಾತಿನಿಂದ. ಅಂತರಶಿಸ್ತೀಯ ಅಂತ ಯಾರಾದರೂ ವೇದಿಕೆ ಮೇಲೆ ಭಾಷಣ ಶುರು ಮಾಡಿದರೆ ನನಗೆ ಪುರ ನೆನಪಾಗುತ್ತದೆ.

ಆಸ್ತ್ರವೇ ಮುಂದೆ ಸೆಂಟರ್ ಫಾರ್ ಸಸ್ಟೈನಬಲ್ ಟೆಕ್ನಾಲಜೀಸ್ ಆಯಿತು. ಮಣ್ಣಿನ ಇಟ್ಟಿಗೆ, ಹೊಗೆ ಹೊರಗೆ ಹೋಗುವ ಒಲೆ, ಬಯೋಗ್ಯಾಸ್ ಎಲ್ಲ ಈ ಕಡೆಯ ಕೆಲಸ. ಪಕ್ಕದಲ್ಲೇ ಮಾಧವ ಗಾಡ್ಗೀಳರು 1983ರಲ್ಲಿ ಕಟ್ಟಿದ ಸೆಂಟರ್ ಫಾರ್ ಇಕಲಾಜಿಕಲ್ ಸೈನ್ಸಸ್ ಇದೆ, ಹವಾಮಾನ ಬದಲಾವಣೆಗೆ ದಿವೇಚಾ ಸೆಂಟರ್ ಇದೆ, ನೀರಿಗೆ ಬೇರೆ ಸೆಂಟರ್ ಇದೆ.

ಯಾರಿಗೆ ಇದು? ಗಣಿತ, ಭೌತಶಾಸ್ತ್ರ ಅಂದರೆ ಹೆದರದವರಿಗೆ. ಎಂಜಿನಿಯರಿಂಗ್ ಮುಗಿಸಿ, ಎಂಟೆಕ್‌ನಂಥ ಕೋರ್ಸಿಗೆ ಬೇಕಾದ ಗೇಟ್ ಪರೀಕ್ಷೆ ಬರೆದವರಿಗೆ. ಗೇಟ್ ಪರೀಕ್ಷೆಯಲ್ಲಿ 2021ರಿಂದ 'ಎನ್ವಿರಾನ್‌ಮೆಂಟಲ್ ಸೈನ್ಸ್ ಅಂಡ್ ಎಂಜಿನಿಯರಿಂಗ್' ಅಂತ ಬೇರೆ ಪೇಪರೇ ಇದೆ, ಇಕಾಲಜಿಗೂ, ಅಂದರೆ ಜೀವಿಗಳಿಗೂ ಪರಿಸರಕ್ಕೂ ಇರುವ ಸಂಬಂಧದ ಓದಿಗೂ, ಪೇಪರ್ ಇದೆ. ಇಲ್ಲಿ ನಿಜವಾದ ಬೆರೆಯುವಿಕೆ ಸಿಗುವುದು ಪಿಎಚ್‌ಡಿ ಹಂತದಲ್ಲಿ. ಅಂತರಶಿಸ್ತೀಯ ಪಿಎಚ್‌ಡಿಗೆ ಎರಡು ವಿಭಾಗದ ಗೈಡ್‌ಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆಯೇ ಇದೆ. ನಮ್ಮ ಅಳತೆಯಲ್ಲಿ ಅದು ಪಾಸು. ಆದರೆ ಅಲ್ಲಿ ಬೆರೆಯುವ ಎರಡು ವಿಷಯಗಳು ಸಾಮಾನ್ಯವಾಗಿ ಎರಡೂ ವಿಜ್ಞಾನವೇ. ಸಮಾಜಶಾಸ್ತ್ರ, ಕಾನೂನು, ಇತಿಹಾಸ ಬೇಕೆಂದರೆ ನೀವೇ ಹೊರಗೆ ಹುಡುಕಿಕೊಳ್ಳಬೇಕು. ಅದೇ ಕ್ಯಾಂಪಸ್ಸಿನಲ್ಲಿರುವ ನಿಯಾಸ್, ಅಂದರೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಈ ಕೊರತೆ ತುಂಬಲೆಂದೇ 1988ರಲ್ಲಿ ಶುರುವಾದ ಜಾಗ ಅನ್ನಬಹುದು. ಚಿಕ್ಕದು, ಬರೀ ಸಂಶೋಧನೆಗೆ.

ಏಟ್ರೀ, ಎನ್‌ಸಿಬಿಎಸ್: ಕಾಡು, ನೀರು, ಜನ

ಜಕ್ಕೂರು ಹತ್ತಿರವೇ ಇರುವ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯನ್ನು 1996ರಲ್ಲಿ ಕಮಲ್‌ಜಿತ್ ಬಾವಾ ಶುರು ಮಾಡಿದರು. ಇದು ವಿಶ್ವವಿದ್ಯಾಲಯ ಅಲ್ಲ, ಟ್ರಸ್ಟು. ಪಿಎಚ್‌ಡಿ ಇದೆ, ಪದವಿ ಕೊಡುವುದು ಮಣಿಪಾಲದ ವಿಶ್ವವಿದ್ಯಾಲಯ. ನನ್ನ ಇಬ್ಬರು ಮೇಷ್ಟ್ರ ಅಳತೆಯಲ್ಲಿ ಬೆಂಗಳೂರಿನಲ್ಲಿ ಇದಕ್ಕೆ ಮೊದಲ ಜಾಗ ಕೊಡುತ್ತೇನೆ. ಪ್ರಾಣಿ, ಸಸ್ಯ ಓದಿದವರೂ ಅಲ್ಲಿ ಸಮಾಜವಿಜ್ಞಾನದ ಪಾಠಕ್ಕೆ ಕೂರಬೇಕು, ಎಕನಾಮಿಕ್ಸ್ ಓದಿ ಬಂದವರೂ ಇಕಾಲಜಿ ಕಲಿಯಬೇಕು.

ಅದರಿಂದ ಏನಾಗುತ್ತದೆ ಅನ್ನುವುದಕ್ಕೆ ಬಿಳಿಗಿರಿರಂಗನ ಬೆಟ್ಟ ನೋಡಿ. ಲಂಟಾನ ಪೊದೆ ಅಲ್ಲಿನ ಕಾಡನ್ನೆಲ್ಲ ಮುಚ್ಚಿಕೊಂಡಿದೆ. ಯಾಕೆ ಇಷ್ಟು ಹಬ್ಬಿತು? ಆ ಕಾಡಿನಲ್ಲೇ ಬದುಕುವ ಸೋಲಿಗ ಬುಡಕಟ್ಟಿನವರು ಒಂದು ಕಾರಣ ಹೇಳುತ್ತಾರೆ. ಹಿಂದೆ ಅವರು ವರ್ಷದ ಮೊದಲಲ್ಲಿ, ಬೇಸಿಗೆ ಬಲಿಯುವ ಮುಂಚೆ, ನೆಲದ ಒಣ ಎಲೆಗೆ ಸಣ್ಣಗೆ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಅಂತ ಅದರ ಹೆಸರು. ಮರ ಸುಡುವ ಬೆಂಕಿ ಅಲ್ಲ, ತರಗೆಲೆ ಸುಟ್ಟು ನಂದಿ ಹೋಗುವ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಏರಿತು ಅಂತ ಅವರ ಮಾತು. ಏಟ್ರೀ ಸಂಶೋಧಕರು ಈ ಮಾತನ್ನು ಕಾಡಿನ ಗಿಡಗಳ ಲೆಕ್ಕದ ಪಕ್ಕ ಇಟ್ಟು ಗಂಭೀರವಾಗಿ ಪರೀಕ್ಷಿಸಿದರು. ಆ ತಂಡದಲ್ಲಿ ಸೋಲಿಗರೇ ಆದ ಸಿ. ಮಾದೇಗೌಡರೂ ಇದ್ದರು. ಅಲ್ಲಿನ ಸೋಲಿಗರಿಗೆ 2011ರಲ್ಲಿ ಸಮುದಾಯದ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ರಕ್ಷಿತಾರಣ್ಯವಾದ ಜಾಗದಲ್ಲಿ. ಬರೀ ಗಿಡ ಎಣಿಸುವವರಿಗಾಗಲಿ ಬರೀ ಹಕ್ಕಿನ ಮಾತಾಡುವವರಿಗಾಗಲಿ ಈ ಪೂರ್ತಿ ಚಿತ್ರ ಸಿಗುವುದಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಕಡೆ ಅದೇ ಲಂಟಾನದಿಂದ ಕುರ್ಚಿ, ಮೇಜು ಮಾಡುವುದನ್ನು ಜನರಿಗೆ ಕಲಿಸಿದ್ದೂ ಈ ಸಂಸ್ಥೆಯೇ. ಕಳೆಯೂ ಹೋಗಬೇಕು, ಕೈಗೆ ನಾಲ್ಕು ಕಾಸೂ ಬರಬೇಕು ಅನ್ನುವ ಲೆಕ್ಕ.

ಎನ್‌ಸಿಬಿಎಸ್, ಅಂದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಇರುವುದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ. ಅಲ್ಲಿಯ ವನ್ಯಜೀವಿ ಎಂಎಸ್ಸಿಗೆ ಎರಡು ವರ್ಷಕ್ಕೊಮ್ಮೆ ಮಾತ್ರ ಪ್ರವೇಶ, ತೆಗೆದುಕೊಳ್ಳುವುದು ಕೈಬೆರಳೆಣಿಕೆಯಷ್ಟು ಜನರನ್ನು. ಕಾಡಿನಲ್ಲಿ ತಿಂಗಳುಗಟ್ಟಲೆ ಇರಲು ಆಸೆ ಇದ್ದರೆ, ಸಂಖ್ಯಾಶಾಸ್ತ್ರ ಕಲಿಯಲು ಮನಸ್ಸಿದ್ದರೆ, ದೇಶದಲ್ಲೇ ಇದಕ್ಕಿಂತ ಒಳ್ಳೆಯ ಎಂಎಸ್ಸಿ ಕಡಿಮೆ. ಆದರೆ ಇದು ಸಸ್ಟೈನಬಿಲಿಟಿ ಕೋರ್ಸು ಅಲ್ಲ, ವನ್ಯಜೀವಿ ಕೋರ್ಸು. ಹುಲಿ ಇಷ್ಟ ಅಂತ ಸೇರಿ ಅಂಕಿಅಂಶ ಕಂಡು ಬೆಚ್ಚುವವರು ಮೊದಲೇ ಯೋಚಿಸಿ.

ಅಜೀಂ ಪ್ರೇಮ್‌ಜಿ, ಐಐಎಚ್‌ಎಸ್: ಊರು, ಬಡತನ, ಹಕ್ಕು

ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ್ದು ಬೇರೆಯೇ ದಿಕ್ಕು. ಅಲ್ಲಿ ಪ್ರಶ್ನೆ ಶುರುವಾಗುವುದು ಸಮಾಜದಿಂದ. ಹರಿಣಿ ನಾಗೇಂದ್ರ ಅಲ್ಲಿಯ ಪ್ರಾಧ್ಯಾಪಕರು. ಅವರ ಪಿಎಚ್‌ಡಿ ಐಐಎಸ್‌ಸಿಯ ಇಕಾಲಜಿ ಸೆಂಟರಿನದು, ಉಪಗ್ರಹ ಚಿತ್ರ ಹಿಡಿದು ಪಶ್ಚಿಮಘಟ್ಟ ಓದಿದವರು. ಆಮೇಲೆ ಎಕನಾಮಿಕ್ಸಿನಲ್ಲಿ 2009ರ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಜೊತೆ ಕೆಲಸ ಮಾಡಿದರು, ಈಗ ಬೆಂಗಳೂರಿನ ಕೆರೆ, ಗುಂಡುತೋಪು, ಬೀದಿ ಮರಗಳ ಬಗ್ಗೆ ಬರೆಯುತ್ತಾರೆ. ಈ ದಾರಿ ನೋಡಿದರೆ ಸಾಕು, ಒಬ್ಬ ವಿಜ್ಞಾನಿ ಉಪಗ್ರಹ ಚಿತ್ರದಿಂದ ಕೆರೆಯ ಮೇಲೆ ಜನರಿಗಿರುವ ಹಕ್ಕಿನ ಪ್ರಶ್ನೆಗೆ ಹೇಗೆ ಬರುತ್ತಾರೆ ಅಂತ ತಿಳಿಯುತ್ತದೆ.

ಡಿಗ್ರಿ ಮಟ್ಟದಲ್ಲೇ ವಿಷಯ ಬೆರೆಸಿ ಓದಬೇಕು ಅನ್ನುವ ಪಿಯುಸಿ ಮಕ್ಕಳಿಗೆ ನಾನು ಮೊದಲು ಹೇಳುವುದು ಈ ಹೆಸರನ್ನೇ. ಎಂಎ ಡೆವಲಪ್‌ಮೆಂಟಿಗೆ ಬಿಎಸ್ಸಿ, ಬಿಕಾಂ, ಬಿಇ ಯಾವುದು ಮುಗಿಸಿದವರೂ ಬರಬಹುದು, ಅವರದೇ ಪ್ರವೇಶ ಪರೀಕ್ಷೆ, ಸಂದರ್ಶನ ಇರುತ್ತದೆ. ಫೀಸು ನೋಡಿ ಹೆದರಬೇಡಿ, ಮನೆಯ ಆದಾಯ ನೋಡಿ ಫೀಸು, ಹಾಸ್ಟೆಲಿಗೆ ಸಹಾಯ ಮಾಡುತ್ತಾರೆ. ಅದಕ್ಕೆ ಅರ್ಜಿ ಬೇರೆ ಹಾಕಬೇಕು, ಆದಾಯದ ಕಾಗದ ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊರತೆ ಎಂದರೆ, ಯಂತ್ರ, ವಿನ್ಯಾಸ, ಇಂಧನದ ಲೆಕ್ಕ ಬೇಕು ಅನ್ನುವವರಿಗೆ ಇಲ್ಲಿ ಹೊಟ್ಟೆ ತುಂಬುವುದಿಲ್ಲ. ಗಾಳಿಯಂತ್ರ ವಿನ್ಯಾಸ ಮಾಡಬೇಕು ಅಂದುಕೊಂಡು ಎಂಎಗೆ ಸೇರಿದರೆ ಯಾರ ತಪ್ಪು?

ಸದಾಶಿವನಗರದ ಐಐಎಚ್‌ಎಸ್, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟ್ಲ್‌ಮೆಂಟ್ಸ್, ಪೂರ್ತಿ ನಗರದ ಬಗ್ಗೆ. ಅಲ್ಲಿಯ ಅರ್ಬನ್ ಫೆಲೋಸ್ ಪ್ರೋಗ್ರಾಂ ಪೂರ್ಣಾವಧಿಯ ಕೋರ್ಸು, ವರ್ಷದೊಳಗೆ ಮುಗಿಯುತ್ತದೆ. ಆರ್ಕಿಟೆಕ್ಟು, ವಕೀಲ, ಎಂಜಿನಿಯರ್, ಸಮಾಜಶಾಸ್ತ್ರದವರು ಒಂದೇ ತರಗತಿಯಲ್ಲಿ ಕೂರುತ್ತಾರೆ. ಪಕ್ಕದ ಬೆಂಚಿನವನಿಂದಲೇ ಅರ್ಧ ಕಲಿಯುತ್ತೀರಿ. ಆದರೆ ಇದು ಪದವಿ ಅಲ್ಲ ಅನ್ನುವುದು ನೆನಪಿರಲಿ. ಮುಂದೆ ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವವರಿಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಕೆಲಸಕ್ಕೆ ಸೇರುವ ಮುಂಚೆ, ಅಥವಾ ಒಂದೆರಡು ವರ್ಷ ಕೆಲಸ ಮಾಡಿ ಬೇಸರವಾದ ಮೇಲೆ ಮಾಡಲು ಚೆನ್ನಾಗಿದೆ.

ಜಿಕೆವಿಕೆ: ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಆಯ್ಕೆ

ನನಗೆ ಅರ್ಥವಾಗದ್ದು ಇದು. ಸಸ್ಟೈನಬಿಲಿಟಿ ಅಂತ ಹುಡುಕುವವರು ಕೃಷಿ ವಿಶ್ವವಿದ್ಯಾಲಯದ ಕಡೆ ತಿರುಗಿಯೂ ನೋಡುವುದಿಲ್ಲ. ಹೆಬ್ಬಾಳದಲ್ಲಿ 1899ರಲ್ಲಿ ಶುರುವಾದ ಪ್ರಯೋಗದ ಜಮೀನಿನಿಂದ ಬೆಳೆದ ಸಂಸ್ಥೆ ಅದು, ವಿಶ್ವವಿದ್ಯಾಲಯವಾಗಿದ್ದು 1964ರಲ್ಲಿ. ಮಣ್ಣು, ನೀರು, ಮಳೆ, ಬೀಜ, ಮಾರುಕಟ್ಟೆ, ಸಾಲ ಎಲ್ಲವನ್ನೂ ನಾಲ್ಕು ವರ್ಷದ ಬಿಎಸ್ಸಿ ಅಗ್ರಿಯಲ್ಲೇ ಓದಿಸುತ್ತಾರೆ. ಅಂತರಶಿಸ್ತೀಯ ಅಂತ ಯಾರೂ ಬೋರ್ಡು ಹಾಕಿಲ್ಲ ಅಷ್ಟೇ.

ಒಂದು ಉದಾಹರಣೆ. ರಾಗಿಗೆ ಬರುವ ಬೆಂಕಿ ರೋಗ ತೆನೆಯನ್ನೇ ತಿಂದು ಹಾಕುತ್ತಿತ್ತು. ಅದನ್ನು ತಡೆದುಕೊಳ್ಳುವ ಜಿಪಿಯು 28 ತಳಿ ಇಲ್ಲಿಂದಲೇ ಬಂದಿದ್ದು. ರೋಗಕ್ಕೆ ಔಷಧಿ ಹೊಡೆಯುವುದು ತಪ್ಪಿತು, ಮಳೆಯಾಶ್ರಯದಲ್ಲಿ ಬೆಳೆಯುವ ರೈತನ ಖರ್ಚು ಉಳಿಯಿತು. ಹವಾಮಾನ, ರಸಾಯನಿಕ, ರೈತನ ಜೇಬು ಮೂರನ್ನೂ ಒಂದು ಬೀಜ ಮುಟ್ಟಿತು. ಇದಕ್ಕಿಂತ ಇನ್ನೇನು ಬೇಕು?

ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಇರುತ್ತದೆ. ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಹಳ್ಳಿಯಲ್ಲೇ ಉಳಿದು, ರೈತರ ಜೊತೆ ಹೊಲಕ್ಕೆ ಹೋಗುತ್ತಾರೆ. ಊರಿನ ನಕ್ಷೆಯನ್ನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆಸುತ್ತಾರೆ. ಕೆರೆ ಎಲ್ಲಿ, ಗೋಮಾಳ ಎಲ್ಲಿ, ಯಾರ ಹೊಲಕ್ಕೆ ನೀರು ಮೊದಲು ಹೋಗುತ್ತದೆ ಅನ್ನುವುದೆಲ್ಲ ಊರವರೇ ಹೇಳಿ ಬರೆಸುತ್ತಾರೆ. ದುಬಾರಿ ಕೋರ್ಸುಗಳಲ್ಲಿ ಇದೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದನೆ ಹೆಸರಿಟ್ಟು ಎರಡು ದಿನದ ಫೀಲ್ಡ್ ವಿಸಿಟ್ ಅಂತ ಮಾಡಿಸುತ್ತಾರೆ.

ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕಾಳು ಗುರುತಿಸು, ಗೊಬ್ಬರ ಗುರುತಿಸು ಅಂತ. ಊರಲ್ಲಿ ಬೆಳೆದ ಮಗುವಿಗೆ ಅದು ಕಷ್ಟವೇ ಅಲ್ಲ. ಕೊರತೆ ಹೇಳಲೇಬೇಕು: ಇಳುವರಿಯ ಮೇಲೆ ಇನ್ನೂ ಜಾಸ್ತಿ ಕಣ್ಣು. ಜಾತಿ, ಜಮೀನಿನ ಒಡೆತನ, ಹೆಂಗಸರ ಕೂಲಿ ಬಗ್ಗೆ ಗಟ್ಟಿಯಾಗಿ ಕೇಳುವ ಪಾಠ ಕಡಿಮೆ. ಅಗ್ರಿ ಮುಗಿಸಿ ಮೇಲೆ ಹೇಳಿದ ಎಂಎಗೋ ಏಟ್ರೀಗೋ ಹೋದರೆ ಅದ್ಭುತ ಜೋಡಿಯಾಗುತ್ತದೆ. ಹಾಗೆ ಹೋಗುವವರು ಕಡಿಮೆ, ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಕಡೆ ಹೋಗುವವರೇ ಜಾಸ್ತಿ. ಅದು ಬೇರೆ ಮಾತು.

ಸರ್ಕಾರಿ ವಿಶ್ವವಿದ್ಯಾಲಯದ ಎಂಎಸ್ಸಿ

ಎಲ್ಲರಿಗೂ ಐಐಎಸ್‌ಸಿ, ಏಟ್ರೀ ಸಿಗುವುದಿಲ್ಲ, ಸೀಟೇ ಅಷ್ಟು ಕಡಿಮೆ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿ ಪರಿಸರ ವಿಜ್ಞಾನದ ಎಂಎಸ್ಸಿ ಇದೆ. ಫೀಸು ಕಡಿಮೆ, ಸರ್ಕಾರದ ವಿದ್ಯಾರ್ಥಿವೇತನ ಸಿಗುತ್ತದೆ, ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಪದವಿಗೆ ಎಲ್ಲ ಕಡೆ ಮಾನ್ಯತೆ ಇದೆ. ಕಾಲೇಜು ಮೇಷ್ಟ್ರ ಕೆಲಸಕ್ಕೆ, ಸಂಶೋಧನೆಗೆ ಬರೆಯುವ ನೆಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನಕ್ಕೆ ಪೇಪರ್ ಇದೆ, ಅದರಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕಿತು ಅಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಮನೆಯಿಂದ ದುಡ್ಡು ತರಿಸದೆ ಪಿಎಚ್‌ಡಿ ಮಾಡಬಹುದು. ಬಡ ಮನೆಯ ಮಕ್ಕಳಿಗೆ ನಾನು ಕಣ್ಣು ಮುಚ್ಚಿ ಹೇಳುವ ದಾರಿ ಇದೇ.

ಇಬ್ಬರು ಮೇಷ್ಟ್ರ ಅಳತೆ ಇಲ್ಲಿ ಕಷ್ಟ. ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ವಿಭಾಗ ಅಂದರೆ ವಿಭಾಗ. ಗೋಡೆ ಗಟ್ಟಿ. ಪರಿಸರದವರು ಸಮಾಜಶಾಸ್ತ್ರದವರ ಕಟ್ಟಡಕ್ಕೆ ಹೋಗುವುದು ಊಟಕ್ಕೆ ಕರೆದಾಗ ಮಾತ್ರ. ಹಾಗಾಗಿ ಬೆರೆಸುವ ಕೆಲಸ ನೀವೇ ಮಾಡಬೇಕು. ಅದಕ್ಕೆ ಬೇಕಾದ ಸಾಮಗ್ರಿ ಪಕ್ಕದಲ್ಲೇ ಹರಿಯುತ್ತಿದೆ. ವೃಷಭಾವತಿ ಮೈಸೂರು ರಸ್ತೆಯ ಉದ್ದಕ್ಕೂ ಊರಿನ ಕೊಳೆ ಹೊತ್ತು, ಕೆಂಗೇರಿ ದಾಟಿ, ಬೈರಮಂಗಲ ಕೆರೆಗೆ ಹೋಗುತ್ತದೆ. ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ಬೈರಮಂಗಲದ ಅಚ್ಚುಕಟ್ಟಿನ ರೈತರು ಆ ನೀರಿನಲ್ಲೇ ದನಕ್ಕೆ ಹುಲ್ಲು ಬೆಳೆಯುತ್ತಾರೆ, ಆ ದನದ ಹಾಲು ಮತ್ತೆ ಊರಿಗೇ ಬರುತ್ತದೆ. ಲ್ಯಾಬಿನ ರಿಪೋರ್ಟಿನ ಜೊತೆ ನಾಲ್ಕು ಜನ ರೈತರ ಮಾತು, ಒಂದು ಡೈರಿಯ ಲೆಕ್ಕ ಸೇರಿಸಿ ನಿಮ್ಮ ಪ್ರಾಜೆಕ್ಟ್ ಬರೆಯಿರಿ. ಗೈಡ್ ಬೇಡ ಅನ್ನುವುದಿಲ್ಲ. ಅಂದರೆ, ಸಾಮಾನ್ಯವಾಗಿ ಅನ್ನುವುದಿಲ್ಲ.

ಡಿಗ್ರಿ ಸೇರುವವರಿಗೆ ಇನ್ನೊಂದು ಮಾತು. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳು 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿವೆ. ನಾಲ್ಕು ವರ್ಷದ ಪದವಿ ಇದ್ದು ಅಂಕ ಚೆನ್ನಾಗಿದ್ದರೆ ನೇರ ಪಿಎಚ್‌ಡಿಗೆ ಅರ್ಜಿ ಹಾಕಲು ಯುಜಿಸಿ ನಿಯಮದಲ್ಲಿ ಅವಕಾಶ ಇದೆ, ಮೂರು ವರ್ಷದವರು ಎಂಎಸ್ಸಿ, ಎಂಎ ಮಾಡಲೇಬೇಕು. ಡಿಗ್ರಿಯಲ್ಲಿ ಇರುವ ಪರಿಸರ ಅಧ್ಯಯನದ ಪೇಪರನ್ನು ನಂಬಿಕೊಂಡು ವಿಷಯ ಗೊತ್ತಿದೆ ಅಂದುಕೊಳ್ಳಬೇಡಿ. ಎಂ.ಸಿ. ಮೆಹ್ತಾ ಅವರು ಹೂಡಿದ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಬಂದ ಪೇಪರ್ ಅದು. ಉದ್ದೇಶ ದೊಡ್ಡದು. ನಾವು ಅದನ್ನು ಸಾರಿಗೆ ಕೊನೆಯಲ್ಲಿ ಹಾಕುವ ಒಗ್ಗರಣೆ ಮಾಡಿಕೊಂಡಿದ್ದೇವೆ.

ಕಾನೂನು, ಎಕನಾಮಿಕ್ಸ್ ಸೇರಿಸಿಕೊಳ್ಳುವುದು

ಇವೆರಡಕ್ಕೂ ನಾಗರಭಾವಿ ಸಾಕು. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಸ್ಥಾಪಿಸಿದ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ, ನೈಸರ್ಗಿಕ ಸಂಪನ್ಮೂಲದ ಎಕನಾಮಿಕ್ಸಿಗೆ ಬೇರೆ ಕೇಂದ್ರವೇ ಇದೆ, ಪಿಎಚ್‌ಡಿ ಮಾಡಬಹುದು. ಲಾ ಸ್ಕೂಲಿನಲ್ಲಿ ಪರಿಸರ ಕಾನೂನಿನ ಕೇಂದ್ರ ಇದೆ, ದೂರಶಿಕ್ಷಣದಲ್ಲಿ ಪರಿಸರ ಕಾನೂನಿನ ಡಿಪ್ಲೊಮಾ ಇದೆ. ಕೆಲಸ ಮಾಡುತ್ತಲೇ ಓದಬಹುದು. ಕೆರೆ ಸಮಿತಿಗಳಲ್ಲಿ ಓಡಾಡುವವರಿಗೆ, ಎಂಎಸ್ಸಿ ಮುಗಿಸಿದವರಿಗೆ ಆ ಡಿಪ್ಲೊಮಾ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಬೆಂಗಳೂರಿನ ಕೆರೆ ಜಗಳ ಕೊನೆಗೆ ಹೋಗಿ ನಿಲ್ಲುವುದು ಹೈಕೋರ್ಟಿನಲ್ಲಿ ಅಥವಾ ಹಸಿರು ನ್ಯಾಯಮಂಡಳಿಯಲ್ಲಿ.

ಕಂಪನಿ ಕಡೆಯ ಸರ್ಟಿಫಿಕೇಟುಗಳು

ಇಎಸ್‌ಜಿ, ಅಂದರೆ ಕಂಪನಿಯೊಂದರ ಪರಿಸರ, ಸಮಾಜ, ಆಡಳಿತದ ಲೆಕ್ಕ, ಅಂತ ಈಗ ಎಲ್ಲರ ಬಾಯಲ್ಲೂ. ಇದು ಪೂರ್ತಿ ಗಾಳಿಮಾತಲ್ಲ. ಷೇರುಪೇಟೆಯ ಮೊದಲ 1000 ಕಂಪನಿಗಳು ಪರಿಸರ, ಸಮಾಜ, ಆಡಳಿತದ ವರದಿ ಕೊಡಬೇಕು ಅಂತ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಆ ವರದಿ ತುಂಬುವವರು ಬೇಕಲ್ಲ, ಅಲ್ಲಿ ಕೆಲಸ ಇದೆ. ವೈಟ್‌ಫೀಲ್ಡ್, ಔಟರ್ ರಿಂಗ್ ರೋಡ್ ಆಫೀಸುಗಳಲ್ಲಿ ಸಂಬಳವೂ ಮೇಲಿನ ಎಲ್ಲದಕ್ಕಿಂತ ಜಾಸ್ತಿ.

ಆದರೆ ಬರೀ ಸರ್ಟಿಫಿಕೇಟ್ ಹಿಡಿದು ಹೋದವರಿಗೆ ಆ ಕೆಲಸ ಸುಲಭಕ್ಕೆ ಸಿಗಲ್ಲ. ಕೇಳುವುದು ಎಂಜಿನಿಯರಿಂಗೋ, ಸಿಎಯೋ, ಎಂಎಸ್ಸಿಯೋ, ಒಂದು ಗಟ್ಟಿ ಪದವಿ ಮತ್ತು ಅದರ ಮೇಲೆ ಈ ಸರ್ಟಿಫಿಕೇಟ್. ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಂಡು ಇಡೀ ಕೋರ್ಸು ಪಿಪಿಟಿಯಲ್ಲಿ ಮುಗಿಸುವವರೂ ಇದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥದ್ದಕ್ಕೆ ಸೇರಿದ್ದಳು. ಕಾರ್ಬನ್ ಲೆಕ್ಕದ ಎಲ್ಲ ಸೂತ್ರ ಬಾಯಿಪಾಠ, ಆದರೆ ಒಂದು ಡೀಸೆಲ್ ಜನರೇಟರ್ ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಅಂತ ಕೇಳಿದರೆ ಎಲ್ಲಿ ನೋಡಬೇಕೆಂದೂ ತಿಳಿಯದು. ಪಾಪ, ಅವಳಿಗೆ ಯಾರೂ ಜನರೇಟರ್ ರೂಮಿನ ಬಾಗಿಲು ತೆಗೆದು ತೋರಿಸಿರಲಿಲ್ಲ.

ಫೀಸು ಕಟ್ಟುವ ಮುಂಚೆ

ಒಂದು, ಕಳೆದ ಎರಡು ಮೂರು ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್ ಶೀರ್ಷಿಕೆಗಳನ್ನು ಕೇಳಿ ಪಡೆಯಿರಿ. ಎಲ್ಲವೂ 'ಜಾಗೃತಿ ಸಮೀಕ್ಷೆ' ಅಂತಿದ್ದರೆ ಅಲ್ಲಿ ಫೀಲ್ಡ್ ಕೆಲಸ ಇಲ್ಲ ಅಂತ ಅರ್ಥ. ಊರಿನ ಹೆಸರು, ಕೆರೆಯ ಹೆಸರು, ಕಾರ್ಖಾನೆಯ ವಿಧ ಇದ್ದರೆ ಒಳ್ಳೆಯ ಸೂಚನೆ. ಪ್ರಾಜೆಕ್ಟಿಗೆ ಇಬ್ಬರು ಗೈಡ್ ಇರಬಹುದಾ, ಇನ್ನೊಬ್ಬರು ಬೇರೆ ವಿಭಾಗದವರಾಗಬಹುದಾ ಅಂತ ಆಫೀಸಿನಲ್ಲಿ ಕೇಳಿ. ಹೌದು ಅಂದರೆ, ಹಾಗೆ ಮಾಡಿದವರ ಒಂದು ಹೆಸರು ಹೇಳಿ ಅನ್ನಿ. ಅಲ್ಲೇ ಗೊತ್ತಾಗುತ್ತದೆ.

ನಿಮ್ಮನ್ನೇ ನೀವೂ ಒಂದು ಕೇಳಿಕೊಳ್ಳಬೇಕು: ನಾನು ಯಾವ ಒಂದು ವಿಷಯದ ಮೇಲೆ ನಿಂತಿರುತ್ತೇನೆ? ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಗೊತ್ತಿರುವವರನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ನೀರಿನ ಕೆಮಿಸ್ಟ್ರಿ ಚೆನ್ನಾಗಿ ಬರುತ್ತದೆ, ಜೊತೆಗೆ ಪಂಚಾಯಿತಿ ಹೇಗೆ ನಡೆಯುತ್ತದೆ ಅಂತ ಗೊತ್ತು ಅನ್ನುವವರಿಗೆ ಕೆಲಸ ಇದೆ. ಹಾಗಾಗಿ ಡಿಗ್ರಿಯಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಂಡು ಎಂಎ, ಎಂಎಸ್ಸಿಯಲ್ಲಿ ಬೆರೆಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇದನ್ನು ಒಪ್ಪದ ಮೇಷ್ಟ್ರುಗಳೂ ಇದ್ದಾರೆ.

ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರಿ ಅರ್ಜಿಯನ್ನೇ ಹಾಕುವುದಿಲ್ಲ. ತಪ್ಪು. ಮೊದಲ ಆರು ತಿಂಗಳು ಕಷ್ಟ ಆಗುತ್ತದೆ, ಸುಳ್ಳು ಹೇಳಲ್ಲ. ಆದರೆ ಫೀಲ್ಡಿಗೆ ಇಳಿದ ದಿನ ಲೆಕ್ಕ ತಿರುಗುತ್ತದೆ. ತೂಬು ಯಾವುದು, ಕೋಡಿ ಯಾವುದು, ಈ ಊರಿನ ನೀರುಗಂಟಿ ಯಾರ ಮನೆಯವನಾಗಿದ್ದ ಅಂತ ಅಜ್ಜನ ಹತ್ತಿರ ಕೂತು ಕೇಳಬಲ್ಲವರು ಬೇಕು. ದೊಡ್ಡ ಸಂಸ್ಥೆಗಳ ಸಂಶೋಧಕರೂ ಇದಕ್ಕೆ ಅನುವಾದಕರನ್ನು ಇಟ್ಟುಕೊಂಡು ಓಡಾಡುತ್ತಾರೆ. ಸಂದರ್ಶನದಲ್ಲಿ ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಿ, ಸಂಕೋಚ ಬೇಡ.

ಕೊನೆಗೆ, ಹೋಗಿ ನೋಡಿ. ಜಿಕೆವಿಕೆ ಕೃಷಿ ಮೇಳ ಸಾಮಾನ್ಯವಾಗಿ ನವೆಂಬರಿನಲ್ಲಿ. ಐಐಎಸ್‌ಸಿ ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆರೆಯುತ್ತದೆ, ಆ ದಿನ ಜಾತ್ರೆಯಂಥ ಜನ, ಬೇಗ ಹೋಗಿ. ಸ್ಟಾಲಿನಲ್ಲಿ ನಿಂತ ಪ್ರೊಫೆಸರಿಗಿಂತ ಹಿಂದೆ ಚಾರ್ಟು ಹಿಡಿದು ನಿಂತ ಪಿಎಚ್‌ಡಿ ಹುಡುಗ ಹುಡುಗಿಯರನ್ನು ಹಿಡಿದು ಮಾತಾಡಿಸಿ. ಟೀ ಕುಡಿಸಿದರೆ ಇನ್ನೂ ಒಳ್ಳೆಯದು. ಗೈಡ್ ಹೇಗೆ, ಫೀಲ್ಡಿಗೆ ಜೀಪು ಕೊಡುತ್ತಾರಾ, ಬೇರೆ ವಿಭಾಗದ ಪಾಠಕ್ಕೆ ಹೋಗಲು ಬಿಡುತ್ತಾರಾ ಅಂತ ಕೇಳಿ. ಸ್ಟೈಪೆಂಡ್ ಪ್ರತಿ ತಿಂಗಳು ಸರಿಯಾಗಿ ಬರುತ್ತಾ ಅಂತಲೂ ಮರೆಯದೆ ಕೇಳಿ.